ಸಮಾನ ಅಂತ್ಯವೂ ಪ್ರತ್ಯಯವೂ: ಇಂಗ್ಲಿಷಿನ ಫ್ರೆಂಚ್ ಮೂಲದ ‘-ಏಜ್’ ಪದಗಳ ಒಂದು ವಿವೇಚನೆ

1. ಪ್ರವೇಶ

ಇಂಗ್ಲಿಷಿನಲ್ಲಿ ಎ, ಜಿ, ಇ ಎಂಬ ಮೂರು ಲಿಪಿಚಿಹ್ನೆಗಳಿಂದ ಮುಗಿಯುವ ನಾಮಪದಗಳು ಹೇರಳವಾಗಿವೆ. ವಿಲೇಜ್, ಕರೇಜ್, ಮ್ಯಾರೇಜ್, ಪೇಜ್, ಕ್ಯಾಬೇಜ್, ಲಗೇಜ್, ಮೈಲೇಜ್, ಗ್ಯಾರೇಜ್, ಮಸಾಜ್ ಮೊದಲಾದವು ಕನ್ನಡದ ಓದುಗರಿಗೂ ಚಿರಪರಿಚಿತ. ಇವುಗಳಲ್ಲಿ ಹೆಚ್ಚಿನವು ಫ್ರೆಂಚಿನಿಂದ ಬಂದವು. ಇಂಗ್ಲಿಷು ಫ್ರೆಂಚಿನಿಂದ ‘-ಏಜ್’ ಪ್ರತ್ಯಯವನ್ನು ಎರವಲು ಪಡೆಯಿತು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದು ವಾಡಿಕೆಯಾಗಿದೆ. ವಾಕ್ಯವೇನೋ ತಪ್ಪಲ್ಲ. ಆದರೆ ಅದು ಮೂರು ಭಿನ್ನ ಸಂಗತಿಗಳನ್ನು ಒಂದೇ ಎಂಬಂತೆ ತೋರಿಸುತ್ತದೆ. ಪದಗಳು ಬರಹದಲ್ಲಿ ಒಂದೇ ಅಂತ್ಯವನ್ನು ಹೊಂದಿರುವುದು ಒಂದು ಸಂಗತಿ; ಆ ಅಂತ್ಯ ಮೂಲಭಾಷೆಯಲ್ಲಿ ಪ್ರತ್ಯಯವಾಗಿದ್ದುದು ಇನ್ನೊಂದು; ಅದು ಸ್ವೀಕರಿಸಿದ ಭಾಷೆಯಲ್ಲಿಯೂ ಪ್ರತ್ಯಯವಾಗಿ ದುಡಿಯತೊಡಗಿದ್ದು ಮತ್ತೊಂದು. ಮೊದಲನೆಯದರಿಂದ ಎರಡನೆಯದಾಗಲಿ, ಎರಡನೆಯದರಿಂದ ಮೂರನೆಯದಾಗಲಿ ತಾನಾಗಿ ಸಿದ್ಧಿಸುವುದಿಲ್ಲ.

ಈ ಭೇದ ಕೇವಲ ಪಾರಿಭಾಷಿಕವಲ್ಲ. ಇಂದು ವಿದ್ಯುನ್ಮಾನ ಪಠ್ಯಸಂಚಯದಲ್ಲಿ ಒಂದು ಅಂತ್ಯವನ್ನು ಹುಡುಕಿಸಿ, ದೊರೆತ ಪದಗಳನ್ನು ಎಣಿಸಿ, ಆ ಎಣಿಕೆಯನ್ನೇ ಪ್ರತ್ಯಯದ ಉತ್ಪಾದಕತೆಯ ಅಳತೆಯೆಂದು ಮಂಡಿಸುವುದು ಸುಲಭವಾಗಿದೆ. ಅಂಥ ಎಣಿಕೆಯಲ್ಲಿ ಪೇಜ್, ಕ್ಯಾಬೇಜ್, ಮಾರ್ಟ್‌ಗೇಜ್ ಎಂಬ ಪದಗಳೂ ಪ್ಯಾಸೇಜ್, ಬ್ರೇಕೇಜ್ ಎಂಬವುಗಳ ಸಾಲಿನಲ್ಲಿಯೇ ಬಂದು ಕೂರುತ್ತವೆ. ಕನ್ನಡದಲ್ಲಿ ಪಾರಸಿ, ಸಂಸ್ಕೃತ, ಇಂಗ್ಲಿಷ್ ಎರವಲುಗಳನ್ನು ಅಭ್ಯಸಿಸುವವರಿಗೂ ಇದೇ ತೊಡಕು ಎದುರಾಗುತ್ತದೆ. ಆದುದರಿಂದ ಚೆನ್ನಾಗಿ ದಾಖಲೆಗೊಂಡ ಒಂದು ಅಂತ್ಯವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡುವುದು ಉಪಯುಕ್ತ. ಸಮಾನ ಅಂತ್ಯವುಳ್ಳ ಎರವಲು ಪದಗಳ ರಾಶಿಯು ಪ್ರತ್ಯಯದ ಎರವಲಿಗೆ ಸಾಕ್ಷಿಯಾಗುವುದಿಲ್ಲ, ಸ್ವೀಕರಿಸಿದ ಭಾಷೆಯು ತನ್ನ ಸ್ವಂತ ಪ್ರಕೃತಿಗಳ ಮೇಲೆ ಕಟ್ಟಿದ ಹೊಸ ರಚನೆಯೇ ಅದರ ಸಾಕ್ಷಿ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಸಂಕೇತಗಳ ಬಗೆಗೆ ಒಂದು ಮಾತು. ಚರ್ಚೆಯಲ್ಲಿರುವ ಬರಹದ ಅಂತ್ಯವನ್ನು, ಅದರ ಉಚ್ಚಾರಣೆ ಯಾವುದೇ ಇರಲಿ, ‘-ಏಜ್’ ಎಂದು ಸೂಚಿಸಿದೆ. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬಳಕೆಯಲ್ಲಿರುವಂತೆ ಬರೆದು, ಉಚ್ಚಾರಣೆಯನ್ನು ಅಗತ್ಯವಿದ್ದಲ್ಲಿ ಬೇರೆಯಾಗಿ ಹೇಳಿದೆ. ‘ಶ’ಕಾರದ ಘೋಷರೂಪವಾದ ತಾಲವ್ಯ ಘರ್ಷಧ್ವನಿ ಕನ್ನಡದಲ್ಲಿ ಇಲ್ಲದಿರುವುದರಿಂದ ಅದನ್ನು ‘ಝ಼’ ಎಂದು ಗುರುತಿಸಿದೆ.

2. ಲ್ಯಾಟಿನ್ನಿನಿಂದ ಫ್ರೆಂಚಿಗೆ

ಈ ಪ್ರತ್ಯಯದ ಮೂಲ ಲ್ಯಾಟಿನ್ನಿನ ‘-ಆತಿಕುಸ್’ ಎಂಬ ವಿಶೇಷಣ ಪ್ರತ್ಯಯ; ಅದರ ನಪುಂಸಕ ರೂಪ ‘-ಆತಿಕುಮ್’. ‘ಸಿಲ್ವಾ’ ಎಂದರೆ ಕಾಡು, ‘ಸಿಲ್ವಾತಿಕುಸ್’ ಎಂದರೆ ಕಾಡಿಗೆ ಸೇರಿದ್ದು. ‘ವಿಯಾ’ ಎಂದರೆ ದಾರಿ, ‘ವಿಯಾತಿಕುಮ್’ ಎಂದರೆ ದಾರಿಯ ಖರ್ಚು, ಬುತ್ತಿ. ನಪುಂಸಕ ರೂಪ ಹೀಗೆ ಸುಲಭವಾಗಿ ನಾಮಪದವಾಗಿ ನಿಲ್ಲಬಲ್ಲದಾಗಿತ್ತು. ಉತ್ತರ ಗಾಲ್ ಪ್ರದೇಶದ ಆಡುನುಡಿಯಲ್ಲಿ ಸ್ವರಮಧ್ಯದ ‘ತ್’ ಘೋಷವಾಗಿ ಸಡಿಲಗೊಂಡು, ಆಘಾತವಿಲ್ಲದ ಮುಂದಿನ ಉಚ್ಚಾರಾಂಶಗಳು ಕುಗ್ಗಿ, ಇಡೀ ಅಂತ್ಯವು ಹಳೆಯ ಫ್ರೆಂಚಿನಲ್ಲಿ ‘-ಆಜ’ ಎಂಬಂತೆ ಉಳಿಯಿತು. ಅದರಲ್ಲಿನ ‘ಜ’ ಆಗ ಸ್ಪರ್ಶಘರ್ಷವೇ ಆಗಿತ್ತು. ‘ವಿಯಾತಿಕುಮ್’ ಎಂಬುದು ಇಂಗ್ಲಿಷಿನ ವಾಯೇಜ್‌ನ ಪೂರ್ವಜ. ‘ಸಿಲ್ವಾತಿಕುಸ್’ ಎಂಬುದು ಸ್ಯಾವೇಜ್‌ನ ಪೂರ್ವಜ. ಪಯಣದ ಬುತ್ತಿ ಪಯಣವೇ ಆಯಿತು, ಕಾಡಿನದು ಕ್ರೂರವಾಯಿತು.

ಹಳೆಯ ಫ್ರೆಂಚಿನಲ್ಲಿ ಈ ಪ್ರತ್ಯಯ ಬಹಳ ಚುರುಕಾಗಿತ್ತು. ಲ್ಯಾಟಿನ್ನಿನಿಂದ ನೇರವಾಗಿ ಇಳಿದುಬಂದ ಪದಗಳ ಜೊತೆಗೆ ಅಲ್ಲಿಯೇ ಹೊಸದಾಗಿ ಕಟ್ಟಿದ ಪದಗಳೂ ಸೇರಿದವು. ಮನುಷ್ಯ, ಆಳು ಎಂಬರ್ಥದ ‘ಒಮ್’ನಿಂದ ಊಳಿಗಮಾನ್ಯ ನಿಷ್ಠೆಯನ್ನು ಸೂಚಿಸುವ ಹೋಮೇಜ್, ಮುಂದೆ ಎಂಬರ್ಥದ ‘ಅವಾಂ’ನಿಂದ ಅಡ್ವಾಂಟೇಜ್, ಆಚೆ, ಮೀರಿ ಎಂಬರ್ಥದ ‘ಊತ್ರ’ದಿಂದ ಔಟ್‌ರೇಜ್. ಕ್ರಿಯಾಧಾತುಗಳ ಮೇಲೆಯೂ ಅದು ಬಂತು: ಹಾದುಹೋಗು ಎಂಬುದರಿಂದ ಪ್ಯಾಸೇಜ್, ಮದುವೆಯಾಗು ಎಂಬುದರಿಂದ ಮ್ಯಾರೇಜ್.

ಇವುಗಳಲ್ಲಿ ಏಜ್, ಅಂದರೆ ವಯಸ್ಸು ಎಂಬ ಪದವೇ ಅತ್ಯಂತ ಕುತೂಹಲಕರ. ಲ್ಯಾಟಿನ್ನಿನಲ್ಲಿ ‘ಅಯ್‌ತಾಸ್’ ಎಂದರೆ ವಯಸ್ಸು. ಅದರ ಮೇಲೆ ‘-ಆತಿಕುಮ್’ ಸೇರಿ ಆದ ಆಡುನುಡಿಯ ರೂಪವು ಹಳೆಯ ಫ್ರೆಂಚಿನಲ್ಲಿ ‘ಎದಾಜ’, ಆಮೇಲೆ ‘ಆಆಜ’ ಎಂದು ಸವೆಯಿತು. ಕಡೆಗೆ ಪ್ರಕೃತಿಯಿಂದ ಉಳಿದದ್ದು ಆಧುನಿಕ ಫ್ರೆಂಚ್ ಬರಹದಲ್ಲಿ ಸ್ವರದ ತಲೆಯ ಮೇಲಿರುವ ಟೋಪಿಯಂಥ ಒಂದು ಚಿಹ್ನೆ ಮಾತ್ರ. ಉಳಿದದ್ದೆಲ್ಲ ಪ್ರತ್ಯಯವೇ. ಹಾಗಿದ್ದೂ ಇಂಗ್ಲಿಷ್ ಭಾಷಿಕನಿಗೆ ಇದು ಪ್ರತ್ಯಯವಲ್ಲ, ಸ್ವತಂತ್ರ ಪದ. ಟೀನೇಜ್ ಎಂಬುದು ಅವನಿಗೆ ಸಮಾಸ. ವ್ಯುತ್ಪತ್ತಿಯಿಂದ ಪ್ರತ್ಯಯವಾದದ್ದು ಸಮಕಾಲೀನ ವ್ಯಾಕರಣದಲ್ಲಿ ಪ್ರತ್ಯಯವಾಗಿರಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

3. ಗುಂಪಿಗೆ ಸೇರಿದ ಅನ್ಯರು

ಇನ್ನು ಇದಕ್ಕೆ ವಿರುದ್ಧವಾದ ಸಂಗತಿ. ‘-ಆತಿಕುಮ್’ಗೆ ಯಾವ ಸಂಬಂಧವೂ ಇಲ್ಲದ ಹಲವು ಪದಗಳು ಅದೇ ಅಂತ್ಯವನ್ನು ಪಡೆದಿವೆ. ಅವು ಬಂದ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಫ್ರೆಂಚಿನಲ್ಲಿಯೇ ನಡೆದ ಧ್ವನಿಗಳ ಸಂಗಮ. ಪೇಜ್ ಎಂಬುದು ‘ಪಾಗಿನಾ’ದಿಂದ, ಇಮೇಜ್ ಎಂಬುದು ‘ಇಮಾಗೋ’ ಪದದ ವಿಭಕ್ತಿರೂಪದಿಂದ, ಕಾರ್ಟಿಲೇಜ್ ಎಂಬುದು ‘ಕಾರ್ತಿಲಾಗೋ’ದಿಂದ ಬಂದಿವೆ. ಇಲ್ಲಿ ‘ಗ’ಕಾರ ಪ್ರಕೃತಿಯದೇ ಅಂಗ. ಪಂಜರವೆಂಬರ್ಥದ ಕೇಜ್ ‘ಕಾವೆಆ’ದಿಂದಲೂ ಸಿಟ್ಟು ಎಂಬರ್ಥದ ರೇಜ್ ‘ರಾಬಿಯಾ’ ಎಂಬ ಆಡುರೂಪದಿಂದಲೂ ಬಂದವು. ಇಲ್ಲಿ ಓಷ್ಠ್ಯ ವ್ಯಂಜನವೂ ಅದರ ಮುಂದಿನ ‘ಯ’ಕಾರವೂ ಕೂಡಿ ‘ಜ’ ಆಗಿದೆ. ಮಾರ್ಟ್‌ಗೇಜ್ ಎಂಬುದು ಸಮಾಸ: ‘ಮೋರ್’ ಎಂದರೆ ಸತ್ತ, ‘ಗೇಜ್’ ಎಂದರೆ ಒತ್ತೆ.

ಎರಡನೆಯದು ಇಂಗ್ಲಿಷಿನೊಳಗಿನ ಧ್ವನಿವ್ಯತ್ಯಾಸ. ಆಘಾತವಿಲ್ಲದ ಕೊನೆಯ ಉಚ್ಚಾರಾಂಶದಲ್ಲಿ ‘ಚ್’ ಘೋಷವಾಗಿ ‘ಜ್’ ಆಗುವ ಪ್ರವೃತ್ತಿ ಮಧ್ಯಕಾಲೀನ ಇಂಗ್ಲಿಷಿನ ಉತ್ತರಾರ್ಧದಲ್ಲಿ ಕಾಣಿಸಿಕೊಂಡಿತು. ಉತ್ತರ ಫ್ರಾನ್ಸಿನ ಉಪಭಾಷೆಯಲ್ಲಿ ತಲೆ ಎಂಬರ್ಥವಿದ್ದ ‘ಕಬೋಚ’ ಎಂಬುದು ಕ್ಯಾಬೇಜ್ ಆಯಿತು. ‘ಸಾಸಿಚ’ ಎಂಬುದು ಸಾಸೇಜ್ ಆಯಿತು. ಇದೇ ವ್ಯತ್ಯಾಸಕ್ಕೆ ಒಳಗಾದ ನಾಲೆಜ್, ಪಾರ್ಟ್ರಿಜ್ ಎಂಬ ಪದಗಳು ಕಿವಿಗೆ ಸಾಸೇಜ್‌ನಂತೆಯೇ ಮುಗಿದರೂ ಬರಹದಲ್ಲಿ ಬೇರೆ ಕಾಗುಣಿತವನ್ನು ಉಳಿಸಿಕೊಂಡವು. ಅಂದರೆ ಕಿವಿಗೆ ಸಮಾನವಾದ ಅಂತ್ಯವೂ ಕಣ್ಣಿಗೆ ಸಮಾನವಾದ ಅಂತ್ಯವೂ ಒಂದೇ ಪದಸಮೂಹವನ್ನು ಕೊಡುವುದಿಲ್ಲ.

ಮೂರನೆಯದು ಸಾದೃಶ್ಯ. ದ್ರಾಕ್ಷಿಯ ಕೊಯ್ಲನ್ನು ಸೂಚಿಸುತ್ತಿದ್ದ ಫ್ರೆಂಚಿನ ‘ವಂದಾಂಜ’ ಎಂಬುದು ದ್ರಾಕ್ಷಾರಸದ ವ್ಯಾಪಾರಿಯನ್ನು ಹೇಳುವ ವಿಂಟ್ನರ್ ಎಂಬ ಪದದ ಪ್ರಭಾವಕ್ಕೆ ಸಿಕ್ಕಿ ವಿಂಟೇಜ್ ಆಯಿತು. ಸರಾಸರಿ ಎಂಬರ್ಥದ ಆವರೇಜ್‌ನ ಚರಿತ್ರೆ ಇನ್ನೂ ಸ್ವಾರಸ್ಯಕರವಾದುದು. ಹಡಗಿಗೂ ಸರಕಿಗೂ ಆದ ಹಾನಿಯನ್ನು ಹೇಳುವ ಫ್ರೆಂಚಿನ ‘ಅವಾರೀ’ ಅದರ ಮೂಲ. ಅದನ್ನು ವಿದ್ವಾಂಸರು ಅರಬ್ಬಿಯ ‘ಅವಾರ್’ ಎಂಬ ಪದದತ್ತ ಒಯ್ಯುತ್ತಾರೆ. ಇಂಗ್ಲಿಷಿನಲ್ಲಿ ಅದು ಹಾನಿ ಎಂಬ ಅರ್ಥದ್ದೇ ಆದ ಡ್ಯಾಮೇಜ್‌ನ ಮಾದರಿಯಲ್ಲಿ ‘-ಏಜ್’ ಅಂತ್ಯವನ್ನು ಪಡೆಯಿತು. ಸಮುದ್ರಯಾನದಲ್ಲಾದ ನಷ್ಟವನ್ನು ಪಾಲುಗಾರರೆಲ್ಲ ತಮ್ಮ ತಮ್ಮ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುವ ಪದ್ಧತಿಯಿಂದ ಸರಾಸರಿ ಎಂಬ ಗಣಿತಾರ್ಥ ಆಮೇಲೆ ಬಂತು.

ಈ ಮೂರನೆಯ ವರ್ಗಕ್ಕೆ ವಿಶೇಷ ಮಹತ್ತ್ವವಿದೆ. ಧ್ವನಿಸಂಗಮದಿಂದ ಸೇರಿದ ಪೇಜ್ ಪ್ರತ್ಯಯದ ಬಗೆಗೆ ಏನನ್ನೂ ಹೇಳುವುದಿಲ್ಲ. ಆದರೆ ಸಾದೃಶ್ಯದಿಂದ ಸೇರಿದ ಆವರೇಜ್, ಭಾಷಿಕರ ಮನಸ್ಸಿನಲ್ಲಿ ಆ ಅಂತ್ಯವು ಒಂದು ಆಕಾರವಾಗಿ, ಬೇರೆ ಪದಗಳನ್ನು ತನ್ನೆಡೆಗೆ ಸೆಳೆಯುವ ಮಾದರಿಯಾಗಿ ನೆಲೆಗೊಂಡಿತ್ತು ಎಂಬುದನ್ನು ತೋರಿಸುತ್ತದೆ. ಅದಿನ್ನೂ ಪ್ರತ್ಯಯವಲ್ಲ, ಪ್ರತ್ಯಯವಾಗುವ ಹಾದಿಯಲ್ಲಿರುವ ಅಂತ್ಯ.

4. ಉಚ್ಚಾರಣೆಯೆಂಬ ಕಾಲಸೂಚಿ

ಒಂದೇ ಬರಹವುಳ್ಳ ಈ ಅಂತ್ಯಕ್ಕೆ ಇಂದಿನ ಇಂಗ್ಲಿಷಿನಲ್ಲಿ ಮೂರು ಮುಖ್ಯ ಉಚ್ಚಾರಣೆಗಳಿವೆ: ವಿಲೇಜ್, ಕರೇಜ್ ಎಂಬಲ್ಲಿ ಆಘಾತರಹಿತವಾದ ‘ಇಜ್’; ಪೇಜ್, ರೇಜ್ ಎಂಬಲ್ಲಿ ಆಘಾತಸಹಿತವಾದ ‘ಏಜ್’; ಮಸಾಜ್, ಸ್ಯಾಬೊಟಾಜ್ ಎಂಬಲ್ಲಿ ‘ಆಝ಼್’. ಈ ವಿಭಾಗಕ್ಕೆ ಕಾರಣ ಎರವಲಿನ ಕಾಲವೂ ಆಘಾತದ ಸ್ಥಾನವೂ ಆಗಿವೆ.

1066ರ ನಾರ್ಮನ್ ವಿಜಯದ ಅನಂತರದ ಶತಮಾನಗಳಲ್ಲಿ ಬಂದ ಪದಗಳು ಫ್ರೆಂಚಿನ ಆಘಾತವನ್ನು ತಮ್ಮೊಂದಿಗೆ ತಂದಿದ್ದವು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ರಚಿಸಿದ ‘ಕ್ಯಾಂಟರ್ಬರಿ ಟೇಲ್ಸ್’ನ ಪೀಠಿಕೆಯಲ್ಲಿ ಕರೇಜ್, ಪಿಲ್ಗ್ರಿಮೇಜ್ ಎಂಬ ಪದಗಳ ಬಹುವಚನಗಳು ಪರಸ್ಪರ ಅಂತ್ಯಪ್ರಾಸವಾಗಿ ಬಂದಿವೆ. ಪ್ರಾಸ ನಿಲ್ಲಬೇಕಾದರೆ ಆ ಉಚ್ಚಾರಾಂಶದ ಮೇಲೆ ಆಘಾತವಿರಬೇಕು, ಸ್ವರ ದೀರ್ಘವಾಗಿರಬೇಕು. ಆಮೇಲೆ ಇಂಗ್ಲಿಷಿನ ಸ್ವಭಾವಕ್ಕನುಗುಣವಾಗಿ ಆಘಾತ ಪದದ ಮೊದಲಿಗೆ ಸರಿದು, ಕೊನೆಯ ಸ್ವರ ಕ್ಷೀಣಿಸಿ ‘ಇಜ್’ ಆಯಿತು. ಏಕಾಕ್ಷರ ಪದಗಳಲ್ಲಿ ಆಘಾತಕ್ಕೆ ಸರಿಯಲು ಬೇರೆ ಸ್ಥಳವಿರಲಿಲ್ಲ. ಅಲ್ಲಿ ದೀರ್ಘಸ್ವರ ಹಾಗೆಯೇ ಉಳಿದು ಇಂಗ್ಲಿಷಿನ ಮಹಾಸ್ವರಪಲ್ಲಟಕ್ಕೆ ಒಳಗಾಗಿ ‘ಏಜ್’ ಆಯಿತು.

ಈ ನಿಯಮಕ್ಕೆ ಅಪವಾದವಾಗಿ ಕಾಣುವ ಔಟ್‌ರೇಜ್ ನಿಯಮವನ್ನು ಬಲಪಡಿಸುತ್ತದೆ. ‘ಊತ್ರ’ಕ್ಕೆ ಪ್ರತ್ಯಯ ಸೇರಿ ಆದ ಈ ಪದ ಕರೇಜ್‌ನಂತೆ ‘ಇಜ್’ ಎಂದು ಮುಗಿಯಬೇಕಿತ್ತು. ಆದರೆ ಇಂಗ್ಲಿಷ್ ಭಾಷಿಕರು ಅದನ್ನು ಹೊರಗೆ ಎಂಬರ್ಥದ ಔಟ್ ಮತ್ತು ಸಿಟ್ಟು ಎಂಬರ್ಥದ ರೇಜ್ ಎಂದು ಒಡೆದು ಅರ್ಥಮಾಡಿಕೊಂಡರು. ಈ ಜನಪದ ನಿರುಕ್ತಿಯಿಂದಾಗಿ ಅದರ ಕೊನೆಯ ಉಚ್ಚಾರಾಂಶಕ್ಕೆ ಉಪಾಘಾತ ಉಳಿಯಿತು. ಅರ್ಥವೂ ಮಿತಿಮೀರಿದ ನಡತೆಯಿಂದ ಆಕ್ರೋಶದ ಕಡೆಗೆ ವಾಲಿತು.

ಇತ್ತ ಫ್ರೆಂಚಿನಲ್ಲಿ ಸುಮಾರು 13ನೆಯ ಶತಮಾನದಲ್ಲಿ ‘ಚ್’, ‘ಜ್’ ಎಂಬ ಸ್ಪರ್ಶಘರ್ಷಗಳು ಸ್ಪರ್ಶಾಂಶವನ್ನು ಕಳೆದುಕೊಂಡು ‘ಶ್’, ‘ಝ಼್’ ಎಂಬ ಘರ್ಷಗಳಾದವು. ಅದಕ್ಕೆ ಮುಂಚಿನ ಉಚ್ಚಾರಣೆಯನ್ನು ಪಡೆದ ಇಂಗ್ಲಿಷು ಅದನ್ನು ಬಿಡಲಿಲ್ಲ. ಮುಖ್ಯಸ್ಥನನ್ನು ಹೇಳುವ ಚೀಫ್ ಹಳೆಯ ಎರವಲು. ಅಡುಗೆಯ ಮುಖ್ಯಸ್ಥನನ್ನು ಹೇಳುವ ಶೆಫ್ 19ನೆಯ ಶತಮಾನದ ಎರವಲು. ಫ್ರೆಂಚಿನಲ್ಲಿ ಎರಡೂ ಒಂದೇ ಪದ. ‘-ಏಜ್’ ಅಂತ್ಯದಲ್ಲಿ ಇದಕ್ಕೆ ಸರಿಸಾಟಿಯಾದ ಜೋಡಿ ಪಾಟೇಜ್ ಮತ್ತು ಪೊಟಾಝ಼್. ಮಡಕೆಯಲ್ಲಿ ಬೇಯಿಸಿದ್ದು ಎಂಬರ್ಥದ ಒಂದೇ ಫ್ರೆಂಚ್ ಪದ ಮಧ್ಯಯುಗದಲ್ಲಿ ಬಂದಾಗ ‘ಪಾಟಿಜ್’ ಎಂದು ಉಚ್ಚರಿಸಲ್ಪಡುವ ಪದವಾಯಿತು; ಊಟದ ಪಟ್ಟಿಗಳ ಮೂಲಕ ಮತ್ತೊಮ್ಮೆ ಬಂದಾಗ ಕೊನೆಯಲ್ಲಿ ಆಘಾತವೂ ‘ಝ಼್’ ಧ್ವನಿಯೂ ಉಳಿದವು. ಅಷ್ಟೇ ಅಲ್ಲ, ಮೊದಲನೆಯದು ಆಡುಮಾತಿನಲ್ಲಿ ಇನ್ನಷ್ಟು ಮಾರ್ಪಟ್ಟು ಗಂಜಿ ಎಂಬರ್ಥದ ಪಾರಿಜ್ ಎಂಬ ಮೂರನೆಯ ಪದವೂ ಹುಟ್ಟಿತು. ಅದರ ಕಾಗುಣಿತದಲ್ಲಿ ಪ್ರತ್ಯಯದ ಗುರುತೇ ಅಳಿಸಿಹೋಗಿದೆ. ಮೂಲ ಒಂದು, ಪದ ಮೂರು, ಅಂತ್ಯವೂ ಮೂರು.

ಮಿರಾಜ್, ಮಸಾಜ್, ಗ್ಯಾರೇಜ್, ಸ್ಯಾಬೊಟಾಜ್, ಕ್ಯಾಮೊಫ್ಲಾಜ್ ಮೊದಲಾದವು 19 ಮತ್ತು 20ನೆಯ ಶತಮಾನಗಳಲ್ಲಿ ಬಂದವು. ಇಂಗ್ಲಿಷಿನಲ್ಲಿ ‘ಝ಼’ ಧ್ವನಿ ಪದಮಧ್ಯದಲ್ಲಿ, ವಿಷನ್, ಮೆಷರ್ ಎಂಬಂಥ ಪದಗಳಲ್ಲಿ, 17ನೆಯ ಶತಮಾನದ ವೇಳೆಗೆ ತಾನಾಗಿ ಬೆಳೆದಿತ್ತು. ಪದಾಂತ್ಯದಲ್ಲಿ ಅದಕ್ಕೆ ಎಡೆ ಮಾಡಿಕೊಟ್ಟದ್ದು ಈ ತಡವಾದ ಎರವಲುಗಳು. ಆದುದರಿಂದ ಇವು ಪದಕೋಶವನ್ನು ಹಿಗ್ಗಿಸಿದ್ದಲ್ಲದೆ ಒಂದು ಧ್ವನಿಮಾದ ಪ್ರಸಾರವನ್ನೂ ವಿಸ್ತರಿಸಿದವು. ಈ ಹೊಸ ಸ್ಥಾನ ಇನ್ನೂ ಅಭದ್ರವಾಗಿದೆ ಎಂಬುದಕ್ಕೆ ಗ್ಯಾರೇಜ್ ಪದವೇ ಸಾಕ್ಷಿ. ಅಮೆರಿಕದಲ್ಲಿ ಅದರ ಆಘಾತ ಕೊನೆಯಲ್ಲಿದೆ. ಬ್ರಿಟನ್ನಿನಲ್ಲಿ ಮೊದಲಲ್ಲಿದ್ದು, ಕೊನೆ ಕೆಲವರ ಬಾಯಲ್ಲಿ ‘ಆಝ಼್’, ಕೆಲವರ ಬಾಯಲ್ಲಿ ವಿಲೇಜ್‌ನಂತೆ ‘ಇಜ್’.

ಆದರೂ ಈ ಕಾಲಸೂಚಿಯನ್ನು ಕುರುಡಾಗಿ ನಂಬಬಾರದು. ಹೋಮೇಜ್ ಮಧ್ಯಯುಗದ ಎರವಲು. ಅದರ ಪರಂಪರಾಗತ ಉಚ್ಚಾರಣೆ ‘ಇಜ್’ ಎಂದೇ ಮುಗಿಯುತ್ತದೆ. ಆದರೆ ಕಲೆ, ಚಲನಚಿತ್ರಗಳ ಚರ್ಚೆಯಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಅದನ್ನು ‘ಓಮಾಝ಼್’ ಎಂದು ಮರಳಿ ಫ್ರೆಂಚೀಕರಿಸುವ ರೂಢಿ ಬೆಳೆದಿದೆ. ಪ್ರತಿಷ್ಠೆಯೂ ಉಚ್ಚಾರಣೆಯನ್ನು ನಿರ್ಣಯಿಸಬಲ್ಲದು. ಆದ್ದರಿಂದ ಉಚ್ಚಾರಣೆಯ ಸಾಕ್ಷ್ಯವನ್ನು ಲಿಖಿತ ದಾಖಲೆಯೊಂದಿಗೆ ಹೊಂದಿಸಿಯೇ ಬಳಸಬೇಕು.

5. ಅಂತ್ಯವು ಪ್ರತ್ಯಯವಾದ ಬಗೆ

ಇಷ್ಟರವರೆಗೆ ಹೇಳಿದ್ದೆಲ್ಲ ಪದಗಳ ಎರವಲು. ಪ್ರತ್ಯಯದ ಎರವಲು ಹೇಗಾಯಿತು? ಪ್ರತ್ಯಯವನ್ನು ಪರಭಾಷೆಯ ಜ್ಞಾನದಿಂದ ನೇರವಾಗಿ ತೆಗೆದುಕೊಳ್ಳುವುದು ಒಂದು ವಿಧ, ಎರವಲು ಪದಗಳ ರಾಶಿಯಿಂದ ಅದನ್ನು ಒಡೆದು ತೆಗೆಯುವುದು ಇನ್ನೊಂದು. ಈ ನೇರ ಮತ್ತು ಪರೋಕ್ಷ ಎರವಲುಗಳ ಭೇದವನ್ನು ಫ್ರಾಂಕ್ ಸೈಫರ್ಟ್ 2015ರಲ್ಲಿ ವಿಶದವಾಗಿ ಚರ್ಚಿಸಿದ್ದಾರೆ. ‘-ಏಜ್’ನಲ್ಲಿ ಎರಡಕ್ಕೂ ಸಾಕ್ಷ್ಯಗಳಿವೆ.

ಪರೋಕ್ಷ ಎರವಲಿಗೆ ಬೇಕಾದುದು ಜೋಡಿಗಳು. ಕರೇಜ್, ಸ್ಯಾವೇಜ್, ಮೆಸೇಜ್ ಎಂಬವು ಒಡೆಯಲಾಗದ ಇಡೀ ಪದಗಳಾಗಿ ಬಂದವು. ಅವುಗಳ ಪ್ರಕೃತಿಗಳು ಇಂಗ್ಲಿಷಿನಲ್ಲಿ ಸ್ವತಂತ್ರವಾಗಿ ಇರಲಿಲ್ಲ. ಅಂಥ ಪದಗಳು ನೂರಿದ್ದರೂ ಪ್ರತ್ಯಯ ಹುಟ್ಟದು. ಆದರೆ ಪಾಸ್ ಮತ್ತು ಪ್ಯಾಸೇಜ್, ಮ್ಯಾರಿ ಮತ್ತು ಮ್ಯಾರೇಜ್, ಕ್ಯಾರಿ ಮತ್ತು ಕ್ಯಾರೇಜ್, ಪಿಲ್ಗ್ರಿಮ್ ಮತ್ತು ಪಿಲ್ಗ್ರಿಮೇಜ್ ಎಂಬ ಜೋಡಿಗಳಲ್ಲಿ ಪ್ರಕೃತಿಯೂ ಸಾಧಿತಪದವೂ ಎರಡೂ ಬಂದಿದ್ದವು. ಫ್ರೆಂಚ್ ತಿಳಿಯದವನೂ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರತ್ಯಯವನ್ನು ಗುರುತಿಸಬಲ್ಲ. ಹೀಗೆ ವಿಶ್ಲೇಷಣೆಗೆ ಅವಕಾಶ ಮಾಡಿಕೊಡುವುದು ಪದಗಳ ಸಂಖ್ಯೆಯಲ್ಲ, ಅವುಗಳ ಪಾರದರ್ಶಕತೆ.

ನೇರ ಎರವಲಿನ ನೆಲೆ ಬೇರೆ. ಇಂಗ್ಲೆಂಡಿನ ನ್ಯಾಯಾಲಯ, ಕಂದಾಯ, ಜಮೀನುಗಳ ದಾಖಲೆಗಳನ್ನು ಬರೆಯುತ್ತಿದ್ದ ಮಧ್ಯಯುಗದ ಗುಮಾಸ್ತರು ಇಂಗ್ಲಿಷ್, ಆಂಗ್ಲೋ-ನಾರ್ಮನ್ ಫ್ರೆಂಚ್, ಲ್ಯಾಟಿನ್ ಎಂಬ ಮೂರು ಭಾಷೆಗಳ ನಡುವೆ ದಿನವೂ ಓಡಾಡುತ್ತಿದ್ದವರು. ತೆರಿಗೆಗೂ ಸುಂಕಕ್ಕೂ ಹೆಸರಿಡಲು ಅವರಿಗೆ ಈ ಪ್ರತ್ಯಯ ಅನುಕೂಲವಾಗಿತ್ತು: ಊರಗೋಡೆಯ ದುರಸ್ತಿಗಾಗಿ ಎತ್ತುವ ಸುಂಕ ಮ್ಯೂರೇಜ್, ಸೇತುವೆಯ ಸುಂಕ ಪಾಂಟೇಜ್. ಇವುಗಳ ಪ್ರಕೃತಿಗಳು ಫ್ರೆಂಚಿನವು ಅಥವಾ ಲ್ಯಾಟಿನ್ನಿನವು. ಆದರೆ ಹಡಗುಕಟ್ಟೆಯ ಸುಂಕಕ್ಕೆ ಹೆಸರು ಬೇಕಾದಾಗ ಇಂಗ್ಲಿಷಿನ ವಾರ್ಫ್ ಎಂಬ ಪದದ ಮೇಲೆಯೇ ಪ್ರತ್ಯಯವನ್ನು ಇಟ್ಟು ವಾರ್ಫೇಜ್ ಎಂದರು. ಗುಡಿಸಲು ಎಂಬರ್ಥದ ಕಾಟ್ ಎಂಬುದರಿಂದ ಕಾಟೇಜ್; ಸ್ಕ್ಯಾಂಡಿನೇವಿಯಾದಿಂದ ಹಳೆಯ ಇಂಗ್ಲಿಷಿಗೆ ಬಂದು ಒಕ್ಕಲಿಗನನ್ನು ಸೂಚಿಸುತ್ತಿದ್ದ ಬಾಂಡ್ ಎಂಬುದರಿಂದ ಬಾಂಡೇಜ್. ಲ್ಯಾಟಿನ್ ದಾಖಲೆಗಳಲ್ಲಿ ಇವು ‘ಕೊತಾಗಿಯುಮ್’, ‘ಬೊಂದಾಗಿಯುಮ್’ ಎಂದು ಕಾಣಿಸುತ್ತವೆ. ಲ್ಯಾಟಿನ್ನಿನ ‘-ಆತಿಕುಮ್’ ಫ್ರೆಂಚಿನಲ್ಲಿ ಗುರುತು ಸಿಗದಷ್ಟು ಬದಲಾಗಿದ್ದರಿಂದ ಗುಮಾಸ್ತರು ಫ್ರೆಂಚ್ ರೂಪಕ್ಕೇ ಲ್ಯಾಟಿನ್ನಿನ ವೇಷ ತೊಡಿಸಿ ‘-ಆಗಿಯುಮ್’ ಎಂಬ ಹೊಸ ಪ್ರತ್ಯಯವನ್ನು ಮಾಡಿಕೊಂಡರು. ಮಗನ ಉಡುಪನ್ನು ತಂದೆ ತೊಟ್ಟಂತೆ!

ಹೀಗೆ ಮೊದಲ ಮಿಶ್ರರಚನೆಗಳಲ್ಲಿ ಹಲವು ಹುಟ್ಟಿದ್ದು ದಫ್ತರದಲ್ಲಿ. ಆಡುಮಾತಿನ ಕೈಗೆ ಬಂದ ಮೇಲೆ ಪ್ರತ್ಯಯದ ವ್ಯಾಪ್ತಿ ಹಿಗ್ಗಿತು. ಎಳೆದೊಯ್ಯು ಎಂಬರ್ಥದ ಲಗ್ ಧಾತುವಿನಿಂದ, ಬ್ಯಾಗೇಜ್‌ನ ಮಾದರಿಯಲ್ಲಿ, ಲಗೇಜ್ ಬಂತು. ಸೋರು, ಮುರಿ ಎಂಬರ್ಥದ ಧಾತುಗಳಿಂದ ಲೀಕೇಜ್, ಬ್ರೇಕೇಜ್ ಬಂದವು. ಅಳತೆಯ ಪದಗಳಿಂದ ಮೈಲೇಜ್, ಏಕರೇಜ್, ಫುಟೇಜ್ ಬಂದವು; 19ನೆಯ ಶತಮಾನದ ಕೊನೆಗೆ ಇಟಲಿಯ ವಿಜ್ಞಾನಿ ವೋಲ್ಟಾನ ಹೆಸರಿನಿಂದ ಬಂದ ಮಾನದ ಮೇಲೆ ವೋಲ್ಟೇಜ್ ಬಂತು. 19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಶಾರ್ಟೇಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ನಾಮ ಮತ್ತು ಕ್ರಿಯೆಗಳನ್ನೇ ಪ್ರಕೃತಿಯಾಗಿ ಬಯಸುತ್ತಿದ್ದ ಪ್ರತ್ಯಯ ಇಲ್ಲಿ ಅಚ್ಚ ಇಂಗ್ಲಿಷ್ ವಿಶೇಷಣವೊಂದರ ಮೇಲೆ ನಿಂತಿದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ನಾಮಫಲಕಗಳ ಸಮೂಹವನ್ನು ಹೇಳಲು ಸೈನೇಜ್ ಹುಟ್ಟಿದ್ದು ಆ ಶಕ್ತಿ ಬತ್ತಿಲ್ಲವೆಂಬುದಕ್ಕೆ ನಿದರ್ಶನ.

ಅರ್ಥದ ದೃಷ್ಟಿಯಿಂದ ಇವು ಐದು ಗುಂಪುಗಳಾಗುತ್ತವೆ: ಸಮೂಹ (ಲಗೇಜ್), ಕ್ರಿಯೆ ಅಥವಾ ಅದರ ಫಲ (ಬ್ರೇಕೇಜ್), ಶುಲ್ಕ (ಪೋಸ್ಟೇಜ್), ಸ್ಥಿತಿ ಅಥವಾ ನಿವಾಸ (ಬಾಂಡೇಜ್, ಆರ್ಫನೇಜ್), ಪರಿಮಾಣ (ಮೈಲೇಜ್). ಶುಲ್ಕದಿಂದ ಪರಿಮಾಣಕ್ಕೆ ದಾರಿ ಹತ್ತಿರದ್ದು. ಟನೇಜ್ ಮೊದಲಿಗೆ ಪೀಪಾಯಿಗಳ ಲೆಕ್ಕದಲ್ಲಿ ದ್ರಾಕ್ಷಾರಸದ ಮೇಲೆ ವಿಧಿಸುತ್ತಿದ್ದ ಸುಂಕವಾಗಿತ್ತು. ಆಮೇಲೆ ಹಡಗಿನ ಸಾಮರ್ಥ್ಯದ ಅಳತೆಯಾಯಿತು. ಮೈಲೇಜ್ ಕೂಡ 18ನೆಯ ಶತಮಾನದಲ್ಲಿ ಮೈಲಿಗಿಷ್ಟು ಎಂದು ಕೊಡುತ್ತಿದ್ದ ಪ್ರಯಾಣಭತ್ಯೆಯಾಗಿ ಕಾಣಿಸಿಕೊಂಡದ್ದು. ಗುಮಾಸ್ತರ ಕೈಯ ಮುದ್ರೆ ಪ್ರತ್ಯಯದ ಅರ್ಥದಲ್ಲಿ ಇಂದಿಗೂ ಉಳಿದಿದೆ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇಂಗ್ಲಿಷಿನ ಸ್ವಂತ ರಚನೆಗಳೆಲ್ಲ ‘ಇಜ್’ ಎಂದೇ ಮುಗಿಯುತ್ತವೆ. ಶಾರ್ಟೇಜ್, ಸೈನೇಜ್‌ಗಳನ್ನು ಯಾರೂ ‘ಆಝ಼್’ ಎಂದು ಉಚ್ಚರಿಸುವುದಿಲ್ಲ. ತಡವಾಗಿ ಬಂದ ಸ್ಯಾಬೊಟಾಜ್, ಕ್ಯಾಮೊಫ್ಲಾಜ್‌ಗಳ ಅಂತ್ಯ ಬರಹದಲ್ಲಿ ಅದೇ ಆಗಿದ್ದರೂ, ಫ್ರೆಂಚಿನಲ್ಲಿ ಅದೇ ಪ್ರತ್ಯಯವಾಗಿದ್ದರೂ, ಇಂಗ್ಲಿಷಿನ ಮಟ್ಟಿಗೆ ಅದು ಬೇರೆಯೇ ಆದ, ಉತ್ಪಾದಕವಲ್ಲದ ಅಂತ್ಯ. ಒಂದೇ ಮೂಲ ಪ್ರತ್ಯಯ ಎರಡು ಕಾಲಗಳಲ್ಲಿ ಬಂದು, ಒಮ್ಮೆ ಪ್ರತ್ಯಯವಾಯಿತು, ಇನ್ನೊಮ್ಮೆ ಆಗಲಿಲ್ಲ.

6. ಕನ್ನಡದ ಎರಡು ಸಾಕ್ಷ್ಯಗಳು

ಈ ಪದಗಳಲ್ಲಿ ಅನೇಕವು ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಬಂದಿವೆ: ಲಗೇಜು, ಪ್ಯಾಕೇಜು, ಡ್ಯಾಮೇಜು, ಮೈಲೇಜು, ವೋಲ್ಟೇಜು, ಗ್ಯಾರೇಜು. ಇಂಗ್ಲಿಷಿನಲ್ಲಿ ಕ್ಷೀಣಸ್ವರವಿರುವಲ್ಲಿ ಕನ್ನಡದಲ್ಲಿ ದೀರ್ಘ ‘ಏ’ ಇರುವುದು ಇವು ಕಿವಿಗಿಂತ ಹೆಚ್ಚಾಗಿ ಕಣ್ಣಿನ ಮೂಲಕ ಬಂದವೆಂಬುದನ್ನು ಸೂಚಿಸುತ್ತದೆ. ಬರಹದಲ್ಲಿ ಬೇರೆ ಕಾಗುಣಿತವುಳ್ಳ ಕಾಲೇಜು ಕೂಡ ಈ ಸಾಲಿಗೆ ಸೇರಿಕೊಂಡಿದೆ. ಮಸಾಜು, ಕೊಲಾಜ್ ಎಂಬಲ್ಲಿ ‘ಆ’ಕಾರ ಉಳಿದು ತಡವಾದ ಎರವಲಿನ ಗುರುತು ಅರ್ಧ ಕಾಣುತ್ತದೆ, ‘ಝ಼’ ಧ್ವನಿ ಕನ್ನಡದಲ್ಲಿಲ್ಲದ್ದರಿಂದ ಉಳಿದರ್ಧ ‘ಜ’ಕಾರದಲ್ಲಿ ಕರಗಿದೆ. ಮೈಲಿ ಮತ್ತು ಮೈಲೇಜು, ಪ್ಯಾಕು ಮತ್ತು ಪ್ಯಾಕೇಜು ಎಂಬ ಪಾರದರ್ಶಕ ಜೋಡಿಗಳು ನಮ್ಮಲ್ಲಿಯೂ ಇವೆ. ಆದರೂ ಕನ್ನಡದ ಯಾವ ಪ್ರಕೃತಿಯ ಮೇಲೆಯೂ ‘-ಏಜು’ ಬಂದು ಪದವಾಗಿ ನೆಲೆನಿಂತಿಲ್ಲ. ಆದುದರಿಂದ ಅದು ಕನ್ನಡದಲ್ಲಿ ಸಮಾನ ಅಂತ್ಯವೇ ಹೊರತು ಪ್ರತ್ಯಯವಲ್ಲ.

ಇದಕ್ಕೆ ಎದುರಾಗಿ ಪಾರಸಿಯಿಂದ ಬಂದ ‘-ದಾರ’ವನ್ನು ಇಟ್ಟು ನೋಡಬಹುದು. ಹೊಂದಿರುವವನು ಎಂಬುದು ಅದರ ಮೂಲಾರ್ಥ. ಕಿಲ್ಲೆ ಮತ್ತು ಕಿಲ್ಲೇದಾರ, ಶಿರಸ್ತೆ ಮತ್ತು ಶಿರಸ್ತೇದಾರ, ಜಮೀನು ಮತ್ತು ಜಮೀನ್ದಾರ ಎಂಬ ಜೋಡಿಗಳು ಆಡಳಿತ ಪರಿಭಾಷೆಯಲ್ಲಿ ಇಡಿಯಾಗಿ ಬಂದವು. ಆದರೆ ಕನ್ನಡ ಅಲ್ಲಿಗೆ ನಿಲ್ಲಲಿಲ್ಲ. ಪಾಲುದಾರ, ಗುತ್ತಿಗೆದಾರ, ತೆರಿಗೆದಾರ ಎಂಬಲ್ಲಿ ಪ್ರಕೃತಿ ಕನ್ನಡದ್ದು. ಷೇರುದಾರ ಎಂಬಲ್ಲಿ ಇಂಗ್ಲಿಷಿನದು. ಪಾರಸಿಯನ್ನು ಅರಿಯದ ಭಾಷಿಕರ ಬಾಯಲ್ಲಿ, ಪಾರಸಿಯಲ್ಲಿ ಇಲ್ಲದ ಪದಗಳಲ್ಲಿ ಅದು ದುಡಿಯುತ್ತಿದೆ. ಷೇರುದಾರ ಎಂಬ ಒಂದು ಪದ ಪ್ರತ್ಯಯದ ಎರವಲನ್ನು ಸಾಬೀತುಪಡಿಸುವಷ್ಟು ಬಲವಾಗಿ ಹತ್ತು ಜಮೀನ್ದಾರರೂ ಹತ್ತು ತಹಸೀಲ್ದಾರರೂ ಸೇರಿ ಸಾಬೀತುಪಡಿಸಲಾರರು. ವಾರ್ಫೇಜ್‌ನಂತೆ ಇಲ್ಲಿಯೂ ಪ್ರತ್ಯಯಕ್ಕೆ ಬಾಗಿಲು ತೆರೆದದ್ದು ಕಂದಾಯ, ಹಿಡುವಳಿ, ಅಧಿಕಾರಗಳ ಭಾಷೆ ಎಂಬುದು ಗಮನಾರ್ಹ. ಹುದ್ದೆ, ಸುಂಕ, ಹಕ್ಕುಗಳನ್ನು ಒಂದೇ ಅಚ್ಚಿನಲ್ಲಿ ಹೆಸರಿಸಬೇಕಾದ ದಾಖಲೆಯಲ್ಲಿ ಪ್ರಕೃತಿ ಸಾಲುಸಾಲಾಗಿ ಬದಲಾಗುತ್ತದೆ, ಪ್ರತ್ಯಯ ಸ್ಥಿರವಾಗಿರುತ್ತದೆ. ವಿಶ್ಲೇಷಣೆಗೆ ಅದಕ್ಕಿಂತ ಅನುಕೂಲವಾದ ಸನ್ನಿವೇಶ ಅಪರೂಪ.

7. ಉಪಸಂಹಾರ

ಸಮಾನ ಅಂತ್ಯವುಳ್ಳ ಪದಗಳನ್ನು ಅಭ್ಯಸಿಸುವವರು ಪಟ್ಟಿಯೊಂದಿಗೆ ಆರಂಭಿಸುವುದು ಅನಿವಾರ್ಯ. ಪಟ್ಟಿಯೊಂದಿಗೆ ಮುಗಿಸುವುದು ಅಪಾಯಕರ. ಪಟ್ಟಿಯ ಪ್ರತಿಯೊಂದು ಪದಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಆ ಅಂತ್ಯ ಮೂಲದಲ್ಲಿ ಪ್ರತ್ಯಯವೇ, ಪ್ರಕೃತಿಯ ಅಂಗವೇ, ಸಾದೃಶ್ಯದಿಂದ ಅಂಟಿಕೊಂಡದ್ದೇ? ಪದ ಯಾವಾಗ ಬಂತು, ಉಚ್ಚಾರಣೆ ಅದಕ್ಕೆ ಹೊಂದುತ್ತದೆಯೇ? ಅದರ ಪ್ರಕೃತಿ ಸ್ವೀಕರಿಸಿದ ಭಾಷೆಯಲ್ಲಿ ಸ್ವತಂತ್ರವಾಗಿ ಇದೆಯೇ? ಕೊನೆಯದಾಗಿ, ಆ ಪದವನ್ನು ಕಟ್ಟಿದವರು ಯಾರು, ಕೊಟ್ಟ ಭಾಷೆಯವರೇ, ಪಡೆದ ಭಾಷೆಯವರೇ? ಮೊದಲ ಮೂರು ಪ್ರಶ್ನೆಗಳು ಪದದ ಚರಿತ್ರೆಯನ್ನು ತಿಳಿಸುತ್ತವೆ. ನಾಲ್ಕನೆಯದು ಮಾತ್ರ ಪ್ರತ್ಯಯದ ಚರಿತ್ರೆಯನ್ನು ತಿಳಿಸುತ್ತದೆ.

ಹೀಗೆ ಶೋಧಿಸಿದಾಗ ‘-ಏಜ್’ ಪಟ್ಟಿಯಿಂದ ಪೇಜ್, ಕೇಜ್, ಕ್ಯಾಬೇಜ್, ಮಾರ್ಟ್‌ಗೇಜ್‌ಗಳು ಮೊದಲು ಹೊರಬೀಳುತ್ತವೆ. ಕರೇಜ್, ಸ್ಯಾವೇಜ್‌ಗಳು ಒಡೆಯಲಾಗದ ಪದಗಳಾಗಿ ಬದಿಗೆ ಸರಿಯುತ್ತವೆ. ಮಸಾಜ್, ಸ್ಯಾಬೊಟಾಜ್‌ಗಳು ಬೇರೆಯೇ ಒಂದು ಪದರವಾಗಿ ನಿಲ್ಲುತ್ತವೆ. ಪ್ಯಾಸೇಜ್, ಮ್ಯಾರೇಜ್‌ಗಳು ವಿಶ್ಲೇಷಣೆಗೆ ದಾರಿಮಾಡಿಕೊಟ್ಟ ಸೇತುವೆಗಳಾಗಿ ಕಾಣುತ್ತವೆ. ಉಳಿಯುವ ವಾರ್ಫೇಜ್, ಲೀಕೇಜ್, ಲಗೇಜ್, ಶಾರ್ಟೇಜ್, ಸೈನೇಜ್ ಮೊದಲಾದವುಗಳ ಸಾಲು ಮೊದಲಿನ ಪಟ್ಟಿಗಿಂತ ಬಹಳ ಚಿಕ್ಕದು. ಆದರೆ ಇಂಗ್ಲಿಷು ಫ್ರೆಂಚಿನಿಂದ ಪ್ರತ್ಯಯವನ್ನು ಪಡೆಯಿತು ಎಂಬ ಮಾತಿಗೆ ಆಧಾರವಾಗಿ ನಿಲ್ಲಬಲ್ಲದ್ದು ಆ ಚಿಕ್ಕ ಸಾಲೇ. ಕನ್ನಡದ ಎರವಲು ಪ್ರತ್ಯಯಗಳ ಪಟ್ಟಿಗಳನ್ನೂ ಇದೇ ಜರಡಿಯಲ್ಲಿ ಜಾಲಿಸಿ ನೋಡಿದರೆ, ನಾವು ಪ್ರತ್ಯಯವೆಂದು ಬರೆದುಕೊಂಡು ಬಂದಿರುವವುಗಳಲ್ಲಿ ಕೆಲವು ಕೇವಲ ಸಮಾನ ಅಂತ್ಯಗಳಾಗಿ ಉಳಿದಾವು. ಉಳಿದವುಗಳ ಬಗೆಗಾದರೂ ನಮ್ಮ ಮಾತು ಖಚಿತವಾದೀತು.